ದುಬೈಗೆ ಹೊರಟಿದ್ದೀರಾ? ಫೋನ್ ಖರ್ಚು ಹೀಗೆ ಇಳಿಸಿ

ಮಗನೋ ಮಗಳೋ ದುಬೈನಲ್ಲಿದ್ದಾರೆ, ಹದಿನೈದು ದಿನ ಇದ್ದು ಬರೋಣ ಎಂದು ಹೊರಡುವವರು ಮಂಗಳೂರಿನಲ್ಲೂ ಬೆಂಗಳೂರಿನಲ್ಲೂ ಬೇಕಾದಷ್ಟಿದ್ದಾರೆ. ವೀಸಾ, ಟಿಕೆಟ್, ಹಪ್ಪಳ, ಉಪ್ಪಿನಕಾಯಿ ಎಲ್ಲದರ ಲೆಕ್ಕ ಆಗಿರುತ್ತದೆ. ಫೋನ್ ವಿಷಯ ಮಾತ್ರ ‘ಅಲ್ಲಿ ಹೋಗಿ ನೋಡಿಕೊಂಡರಾಯ್ತು’ ಎಂದು ಬಿಟ್ಟಿರುತ್ತಾರೆ. ದುಡ್ಡು ಸೋರುವುದು ಅಲ್ಲೇ. ಇಲ್ಲಿನ ಸಿಮ್ ಒಟಿಪಿಗೆ, ಇಂಟರ್ನೆಟ್ಟಿಗೆ ಬೇರೆ ದಾರಿ: ಇಷ್ಟು ಮಾಡಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು.

ಮನೆ ಬಿಡುವ ಮೊದಲು

ಪ್ರಿಪೇಯ್ಡ್ ಆಗಿದ್ದರೆ ವಾಪಸ್ ಬರುವ ದಿನದಾಚೆಗೂ ವ್ಯಾಲಿಡಿಟಿ ಇರುವಂತೆ ರೀಚಾರ್ಜ್ ಮಾಡಿಸಿ. ಮಧ್ಯದಲ್ಲಿ ಮುಗಿದರೆ ಬ್ಯಾಂಕ್ ಒಟಿಪಿಯೂ ನಿಲ್ಲಬಹುದು. ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಇದೆಯೇ ಎಂದು ಕಂಪನಿಯ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಎಸ್‌ಎಂಎಸ್ ಬರುವುದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ. ಕರೆ ಎತ್ತಿದರೆ ಇದೆ, ಅದೂ ನಿಮಿಷದ ಲೆಕ್ಕದಲ್ಲಿ. ಕಾಲ್ ಫಾರ್ವರ್ಡಿಂಗ್ ಇಟ್ಟಿದ್ದರೆ ತೆಗೆದುಬಿಡಿ. ನೀವು ಎತ್ತದ ಕರೆ ಬೇರೆ ನಂಬರಿಗೆ ಹೋದರೂ ಬಿಲ್ ನಿಮಗೇ ಬೀಳಬಹುದು.

ಕಾಂಟ್ಯಾಕ್ಟ್‌ನಲ್ಲಿರುವ ನಂಬರುಗಳಿಗೆ +91 ಸೇರಿಸಿ. ದುಬೈ ಮ್ಯಾಪನ್ನು ಆಫ್‌ಲೈನ್‌ನಲ್ಲಿ ಇಳಿಸಿಟ್ಟುಕೊಳ್ಳಿ. ಇದಕ್ಕೆಲ್ಲ ಹತ್ತು ನಿಮಿಷ ಸಾಕು.

ಯಾವ ದಾರಿ ಅಗ್ಗ?

ಮೂರು ದಾರಿಗಳಿವೆ. ಒಂದು, ಏರ್‌ಟೆಲ್, ಜಿಯೊ, ವಿಐ ಕೊಡುವ ರೋಮಿಂಗ್ ಪ್ಯಾಕ್. ಎರಡು, ಅಲ್ಲಿನ ಎತಿಸಲಾತ್ ಅಥವಾ ಡು ಕಂಪನಿಯ ಪ್ರವಾಸಿ ಸಿಮ್. ಇದಕ್ಕೆ ಪಾಸ್‌ಪೋರ್ಟ್ ತೋರಿಸಬೇಕು. ಮೂರು, ಪ್ರವಾಸಿಗರಿಗೆಂದೇ ಇರುವ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್. *#06# ಒತ್ತಿದಾಗ ‘ಇಐಡಿ’ ಎಂಬ ಉದ್ದ ಸಂಖ್ಯೆ ಕಂಡರೆ ನಿಮ್ಮ ಫೋನಿನಲ್ಲಿ ಇ-ಸಿಮ್ ನಡೆಯುತ್ತದೆ. ಅದನ್ನು ಹಾಕಿಕೊಳ್ಳಲು ಇಂಟರ್ನೆಟ್ ಬೇಕು, ಆದ್ದರಿಂದ ಮನೆಯ ವೈಫೈನಲ್ಲೇ ಮುಗಿಸಿ. ಹಾಕಿದ ಮೇಲೆ ಸುಮ್ನೆ ಡಿಲೀಟ್ ಮಾಡಬೇಡಿ. ಎಷ್ಟೋ ಇ-ಸಿಮ್‌ಗಳನ್ನು ಎರಡನೇ ಸಲ ಹಾಕಲು ಬರುವುದಿಲ್ಲ.

ನನ್ನನ್ನು ಕೇಳಿದರೆ, ಎರಡು ಮೂರು ದಿನಕ್ಕೆ ರೋಮಿಂಗ್ ಪ್ಯಾಕೇ ನೆಮ್ಮದಿ. ತುಸು ಜಾಸ್ತಿ ಕೊಟ್ಟರೂ ತಲೆನೋವಿಲ್ಲ. ವಾರ ದಾಟುತ್ತದೆ ಎಂದಾದರೆ ಅಲ್ಲಿನ ಸಿಮ್ ಅಥವಾ ಇ-ಸಿಮ್ ನೋಡಿ. ನಾಲ್ವರು ಹೊರಟಿದ್ದರೆ ನಾಲ್ಕು ಸಿಮ್ ಯಾಕೆ? ಹೆಚ್ಚು ಡೇಟಾ ಇರುವ ಒಂದನ್ನು ಕೊಂಡು ಹಾಟ್‌ಸ್ಪಾಟ್ ಹಂಚಿಕೊಳ್ಳಿ. ಆ ಪ್ಲಾನ್‌ನಲ್ಲಿ ಹಾಟ್‌ಸ್ಪಾಟ್‌ಗೆ ಅವಕಾಶ ಇದೆಯೇ ಎಂದು ಕೊಳ್ಳುವಾಗಲೇ ಕೇಳಿ. ಮಕ್ಕಳ ಮನೆಯಲ್ಲೇ ಇರುವವರಿಗೆ ದೊಡ್ಡ ಪ್ಲಾನ್ ಬೇಕಾಗಿಯೇ ಇಲ್ಲ, ಮನೆಯಲ್ಲಿ ವೈಫೈ ಇರುತ್ತದಲ್ವಾ?

ಸೆಟ್ಟಿಂಗ್ಸ್‌ನಲ್ಲಿ ಮೂರು ಬದಲಾವಣೆ

ವಿಮಾನ ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ. ಕೆಲವು ವಿಮಾನಗಳಲ್ಲಿ ಉಪಗ್ರಹದ ಮೊಬೈಲ್ ನೆಟ್‌ವರ್ಕ್ ಇರುತ್ತದೆ. ಫೋನ್ ತಾನಾಗಿ ಅದಕ್ಕೆ ಅಂಟಿಕೊಂಡರೆ ಬಿಲ್ ಭಾರೀ ಬರುತ್ತದೆ.

ಅಲ್ಲಿನ ಸಿಮ್ ಅಥವಾ ಇ-ಸಿಮ್ ಕೊಂಡಿದ್ದರೆ, ಇಳಿದ ಮೇಲೆ ಮೊಬೈಲ್ ಡೇಟಾವನ್ನು ಅದಕ್ಕೆ ಬದಲಿಸಿ. ಆಗ ಇಲ್ಲಿನ ಸಿಮ್‌ನ ‘ಡೇಟಾ ರೋಮಿಂಗ್’ ಆಫ್ ಇರಲಿ. ಪ್ರವಾಸಿ ಇ-ಸಿಮ್ ಆದರೆ ಅದರ ಡೇಟಾ ರೋಮಿಂಗ್ ಸಾಮಾನ್ಯವಾಗಿ ಆನ್ ಇರಬೇಕು. ಎರಡೂ ಸಿಮ್‌ನದ್ದನ್ನು ಆಫ್ ಮಾಡಿ ‘ನೆಟ್ ಬರ್ತಿಲ್ಲ’ ಎಂದು ಪರದಾಡುವವರಿದ್ದಾರೆ. ಐಫೋನ್ ಇರುವವರು ‘ಅಲೋ ಸೆಲ್ಯುಲರ್ ಡೇಟಾ ಸ್ವಿಚಿಂಗ್’ ಅನ್ನೂ ಆಫ್ ಮಾಡಬೇಕು. ಇಲ್ಲದಿದ್ದರೆ ಒಂದರ ಸಿಗ್ನಲ್ ಹೋದಾಗ ಇನ್ನೊಂದರ ಡೇಟಾ ಬಳಕೆಯಾದೀತು.

ಇಲ್ಲಿನ ಸಿಮ್ ತೆಗೆದು ಪರ್ಸಿನಲ್ಲಿಡಬೇಡಿ. ಒಟಿಪಿ ತಪ್ಪುತ್ತದೆ, ಯುಪಿಐ ಆ್ಯಪ್ ಮತ್ತೆ ಪರಿಶೀಲನೆ ಕೇಳಬಹುದು. ‘ನಂಬರ್ ಬದಲಾಯಿಸಬೇಕೇ?’ ಎಂದು ವಾಟ್ಸ್‌ಆ್ಯಪ್ ಕೇಳಿದರೆ ಬೇಡ ಎನ್ನಿ. ಹಳೆಯ ನಂಬರಿನಲ್ಲೇ ಅದು ನಡೆಯುತ್ತದೆ.

ವಾಟ್ಸ್‌ಆ್ಯಪ್ ಕಾಲ್ ಹೋಗುವುದಿಲ್ಲ!

ದುಬೈಗೆ ಹೋದವರು ತಬ್ಬಿಬ್ಬಾಗುವುದು ಇಲ್ಲೇ. ಅಲ್ಲಿ ಇಂಟರ್ನೆಟ್ ಮೂಲಕ ಮಾತಾಡುವುದಕ್ಕೆ ನಿರ್ಬಂಧವಿದೆ. ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜ್, ಫೋಟೊ, ವಾಯ್ಸ್ ಮೆಸೇಜ್ ಎಲ್ಲ ಹೋಗುತ್ತವೆ. ಆಡಿಯೊ, ವಿಡಿಯೊ ಕರೆ ಮಾತ್ರ ಇಲ್ಲ. ಫೋನ್ ಕೆಟ್ಟಿದೆ ಅಂದುಕೊಳ್ಳಬೇಡಿ, ಮನೆಯ ವೈಫೈನಲ್ಲೂ ಇದೇ ಕತೆ. ಇಲ್ಲಿನ ಸಿಮ್‌ನ ರೋಮಿಂಗ್ ಡೇಟಾ ಸಾಮಾನ್ಯವಾಗಿ ನಮ್ಮ ಕಂಪನಿಯ ನೆಟ್‌ವರ್ಕ್ ಸುತ್ತಿಕೊಂಡು ಬರುವುದರಿಂದ ಕೆಲವರಿಗೆ ಕರೆ ಸಿಗುತ್ತದೆ. ಅದನ್ನೇ ನಂಬಿ ಕೂರುವುದು ಬೇಡ.

ಅಲ್ಲಿರುವ ನಮ್ಮವರು ಹೆಚ್ಚಾಗಿ ಬಳಸುವುದು ಬೋಟಿಮ್ ಆ್ಯಪ್. ಅದನ್ನು ಊರಿನಲ್ಲಿರುವವರ ಫೋನಿಗೂ ಹಾಕಿ, ಬಳಸುವುದನ್ನು ಒಮ್ಮೆ ತೋರಿಸಿಕೊಟ್ಟು ಹೊರಡಿ. ಅಲ್ಲಿನ ಸಿಮ್‌ನಲ್ಲಿ ಇದಕ್ಕೆ ಪ್ರತ್ಯೇಕ ಪ್ಯಾಕ್ ಬೇಕಾಗಬಹುದು, ಕೌಂಟರಿನಲ್ಲೇ ವಿಚಾರಿಸಿ. ಮೈಕ್ರೊಸಾಫ್ಟ್ ಟೀಮ್ಸ್, ಜೂಮ್‌ಗೂ ಅಲ್ಲಿ ಅನುಮತಿ ಇದೆ. ಅಲ್ಲಿನ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ನೀವು ರಾತ್ರಿ ಒಂಬತ್ತೂವರೆಗೆ ಕರೆ ಮಾಡಿದರೆ ಊರಿನಲ್ಲಿ ಹನ್ನೊಂದಾಗಿರುತ್ತದೆ.

‘ವಿಪಿಎನ್ ಹಾಕಿ, ಎಲ್ಲ ನಡೆಯುತ್ತದೆ’ ಎಂಬ ಸಲಹೆ ಕೊಡುವವರು ಸಿಕ್ಕೇ ಸಿಗುತ್ತಾರೆ. ವಿಪಿಎನ್ ಎಂದರೆ ನಿಮ್ಮ ಇಂಟರ್ನೆಟ್ ಬಳಕೆ ಬೇರೆ ಜಾಗದಿಂದ ಆಗುತ್ತಿರುವಂತೆ ತೋರಿಸುವ ವ್ಯವಸ್ಥೆ. ಕಿವಿಗೆ ಹಾಕಿಕೊಳ್ಳಬೇಡಿ. ಅಪರಾಧ ಎಸಗಲು ಅಥವಾ ಅದನ್ನು ಮುಚ್ಚಿಡಲು ವಿಪಿಎನ್ ಬಳಸಿದರೆ ಅಲ್ಲಿನ 2021ರ ಸೈಬರ್ ಕಾನೂನಿನಲ್ಲಿ ದಂಡ ಶುರುವಾಗುವುದೇ 5 ಲಕ್ಷ ದಿರ್ಹಂನಿಂದ. ಒಂದು ವಿಡಿಯೊ ಕರೆಗಾಗಿ ಆ ಗೊಡವೆ ಯಾಕೆ?

ಪೊಲೀಸ್ 999, ಆಂಬುಲೆನ್ಸ್ 998. ಈ ಎರಡು ನಂಬರ್ ಬರೆದಿಟ್ಟುಕೊಳ್ಳಿ. ವಾಪಸ್ ಬಂದ ಮೇಲೆ ಮೊಬೈಲ್ ಡೇಟಾವನ್ನು ಮತ್ತೆ ಇಲ್ಲಿನ ಸಿಮ್‌ಗೆ ಬದಲಿಸಿ. ಕಾರ್ಡಿನಿಂದ ತಾನಾಗಿ ದುಡ್ಡು ಕತ್ತರಿಸುವ ಪ್ಯಾಕ್ ಏನಾದರೂ ಇದ್ದರೆ ಅದನ್ನು ಅಂದೇ ರದ್ದು ಮಾಡಿ.