ಪೆನ್ನು ಮುಟ್ಟದ ಹದಿನೈದು ನಿಮಿಷ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆಯ ಜಗಲಿಯಲ್ಲಿ ಕನ್ನಡ ಮಾಧ್ಯಮದ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಶುರು ಮಾಡಿ ಒಂಬತ್ತು ವರ್ಷವಾಗಿರಬೇಕು. ಮೊದಲ ಮೂರು ವರ್ಷ ಬರೀ ನಷ್ಟ. ಮಂಗಳೂರಿನಿಂದ ಸುಮಾರು 2,500 ರೂಪಾಯಿಯ ಗೈಡುಗಳನ್ನು ತಂದೆ. ಭಾಷೆ ನಮ್ಮದೇ, ಪಾಠ ಮಾತ್ರ ಕರ್ನಾಟಕದ್ದು! ಮರುವರ್ಷ ಮಲಯಾಳದ ಪ್ರಶ್ನೆಪತ್ರಿಕೆಗಳನ್ನು ರಾತ್ರಿಯಿಡೀ ಕುಳಿತು ಕನ್ನಡಕ್ಕೆ ತಂದು ಜೆರಾಕ್ಸ್ ಮಾಡಿಸಿದೆ. ನಾಲ್ಕು ಸಾವಿರ ಹೋಯಿತು. ಮಕ್ಕಳು ಉತ್ತರಗಳನ್ನು ಬಾಯಿಪಾಠ ಮಾಡಿದರು. ಫೀಸು ತಿಂಗಳಿಗೆ 300, ಅದೂ ಅಡಿಕೆ ಮಾರಿದ ಮೇಲೆ.

ಜಗಲಿಯಲ್ಲಿ ಎಲ್ಲ ಲೆಕ್ಕ ಬಿಡಿಸುತ್ತಿದ್ದ ಒಬ್ಬಳು ಓಣಂ ಪರೀಕ್ಷೆಯಲ್ಲಿ ಡಿ ಗ್ರೇಡ್ ತಂದಳು. ಕೇಳಿದರೆ, ಮೂರನೆಯ ಪ್ರಶ್ನೆಯಲ್ಲೇ ಅರ್ಧ ಗಂಟೆ ಸಿಕ್ಕಿಬಿದ್ದಿದ್ದಳು. ಬರೆಯುವ ಮೊದಲು ಪ್ರಶ್ನೆಪತ್ರಿಕೆ ಓದಲೆಂದೇ ಕೊಡುವ ಕೂಲ್ ಆಫ್ ಟೈಮಿನ 15 ನಿಮಿಷ ಏನು ಮಾಡಿದೆ ಎಂದೆ. ದೇವರನ್ನು ನೆನೆದಳಂತೆ.

ಅಂದಿನಿಂದ ವಾರಕ್ಕೆರಡು ಸಂಜೆ ಪೆನ್ನುಗಳನ್ನೆಲ್ಲ ಹಾಳೆತಟ್ಟೆಯಲ್ಲಿ ಕೂಡಿಹಾಕಿ ಒಳಗಿಡುತ್ತೇನೆ. ಪ್ರಶ್ನೆಪತ್ರಿಕೆ ಕೊಟ್ಟು, ಪ್ರತಿ ಪ್ರಶ್ನೆ ಏನನ್ನು ಕೇಳುತ್ತಿದೆ ಎಂದು ಪಕ್ಕದವರಿಗೆ ಮನೆಮಾತಿನಲ್ಲಿ ಹೇಳಿಸುತ್ತೇನೆ. ತುಳು, ಹವ್ಯಕ, ಮಲಯಾಳ, ಮರಾಠಿ, ಯಾವುದಾದರೂ ಸರಿ. ಕ್ರಿಸ್ಮಸ್ ಪರೀಕ್ಷೆಯ ಹೊತ್ತಿಗೆ ಪಿಸುಮಾತು, ಮಾಡೆಲ್ ಪರೀಕ್ಷೆಗೆ ಮನಸ್ಸಿನಲ್ಲೇ. ಬಳಿಕ ಯಾವುದು ಮೊದಲು, ಯಾವುದನ್ನು ಬಿಡುವುದು ಎಂದು ನಿರ್ಧರಿಸಬೇಕು. ಅದಕ್ಕೆ ನನ್ನದೊಂದು ಬೆರಳೆಣಿಕೆಯಿದೆ. ಅದನ್ನು ಜಗಲಿಗೆ ಬಂದವರಿಗಷ್ಟೇ ಹೇಳುವುದು.

"ಬರೆಯಲು ಕಳುಹಿಸಿದರೆ ನೀವು ಪೆನ್ನು ಕಸಿದುಕೊಳ್ಳುವುದಾ ಮಾಷ್ಟ್ರೇ?" ಎಂದು ಇಬ್ಬರು ಹೆತ್ತವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಪೇಟೆಯಲ್ಲಿ ಟ್ಯೂಷನ್ ಸೆಂಟರ್ ನಡೆಸುವ ಗೆಳೆಯ ನಕ್ಕ.

ನಡುವೆ ಇನ್ನೊಂದು ಹುಚ್ಚು. ಘನರೂಪಗಳ ಪಾಠಕ್ಕೆಂದು ಅಂಗಳದ ಅಡಿಕೆ ರಾಶಿಯನ್ನೇ ಶಂಕುವೆಂದು ಹಿಡಿದು ಹಗ್ಗದಲ್ಲಿ ಸುತ್ತಳತೆ, ಕೋಲಿನಲ್ಲಿ ಎತ್ತರ ಅಳೆಸಿದೆ. ಲೆಕ್ಕಕ್ಕೂ ಗೋಣಿಗೂ ಮೂರು ಗೋಣಿಯ ಅಂತರ! ನನ್ನ ಗಣಿತದ ಮೇಲೆ ತಂದೆಯವರಿಗಿದ್ದ ನಂಬಿಕೆ ಅಂದೇ ಹೋಯಿತು. ಮಕ್ಕಳಿಗೆ ಮಾತ್ರ ಶಂಕುವಿನ ಘನಫಲ ಅಷ್ಟೇ ಪಾದ, ಅಷ್ಟೇ ಎತ್ತರದ ಸಿಲಿಂಡರಿನ ಮೂರನೆಯ ಒಂದು ಭಾಗ ಎಂಬುದು ಇಂದಿಗೂ ಮರೆತಿಲ್ಲ.

ಕಳೆದ ಮಾರ್ಚ್‌ನಲ್ಲಿ ಬರೆದವರು ಹದಿನಾಲ್ಕೋ ಹದಿನೈದೋ ಮಂದಿ. ಗಣಿತದಲ್ಲಿ ಐವರಿಗೆ ಎ ಪ್ಲಸ್, ಬಿಗಿಂತ ಕೆಳಗೆ ಒಬ್ಬರೂ ಇಲ್ಲ. ನಕ್ಕಿದ್ದ ಗೆಳೆಯ ಈಗ ಬೆರಳೆಣಿಕೆ ಹೇಗೆಂದು ಫೋನ್ ಮಾಡುತ್ತಿದ್ದಾನೆ. ಫೀಸು 600ಕ್ಕೇರಿಸಿದ್ದೇನೆ, ಅಡಿಕೆ ಮಾರಿದ ಮೇಲೆ ಕೊಟ್ಟರೂ ಆಯಿತು. ಅಂದು ಬಿಡಿಸಿಕೊಂಡು ಹೋದವರಲ್ಲಿ ಒಬ್ಬರು ಈ ಜೂನ್‌ನಲ್ಲಿ ಕಿರಿಯ ಮಗನನ್ನು ಕರೆತಂದರು. ಅವರಿಂದ ಮಾತ್ರ ಮೂರು ತಿಂಗಳದ್ದು ಮುಂಗಡವಾಗಿ ತೆಗೆದುಕೊಂಡೆ.