ಹಳೆಯ ಮಸಲ್ ಕಾರಿನ ಅಪರೂಪದ ಬಣ್ಣ: ಕಾರ್ಖಾನೆಯದ್ದೇ ಎಂದು ಪತ್ತೆ ಮಾಡುವುದು, ಮತ್ತೆ ಬಳಿಯುವುದು

ದೊಡ್ಡ ಎಂಜಿನ್ನಿನ ಅಮೆರಿಕನ್ ಮಸಲ್ ಕಾರಾದ 1970ರ ಡಾಡ್ಜ್ ಚಾಲೆಂಜರ್ ಒಂದು ನೇರಳೆ ಬಣ್ಣದಲ್ಲಿ ಮಿಂಚುತ್ತಿದೆ ಎಂದಮಾತ್ರಕ್ಕೆ ಅದು ಡೆಟ್ರಾಯಿಟ್ ಮಗ್ಗುಲಿನ ಹ್ಯಾಮ್‌ಟ್ರ್ಯಾಮಿಕ್ ಕಾರ್ಖಾನೆಯಿಂದ ನೇರಳೆಯಾಗಿಯೇ ಹೊರಬಂದಿತ್ತು ಎಂದಲ್ಲ. ಅಪರೂಪದ ಬಣ್ಣಕ್ಕೆ ಹೆಚ್ಚು ಬೆಲೆ ಸಿಗುವುದರಿಂದ ಹಸಿರು, ಕಂದು ಕಾರುಗಳು ಎಷ್ಟೋ ನೇರಳೆಯಾಗಿವೆ. ಹಾಗಾಗಿ ಕಾರ್ಖಾನೆ ಕಾರಿನ ವಿವರ ಅಚ್ಚೊತ್ತಿ ಹಾಕಿದ ತಗಡಿನ ಪಟ್ಟಿ ಹೇಳುವುದನ್ನೂ ಕಾರಿನ ಮೈ ಹೇಳುವುದನ್ನೂ ಬೇರೆ ಬೇರೆಯಾಗಿ ಓದಿ, ಎರಡೂ ತಾಳೆಯಾದರೆ ಮಾತ್ರ ನಂಬಿ.

ಬಣ್ಣದ ಹೆಸರಿಗಿಂತ ಸಂಕೇತವನ್ನು ನೆನಪಿಡುವುದು ಒಳ್ಳೆಯದು. ಡಾಡ್ಜ್, ಪ್ಲಿಮತ್ ಎರಡೂ ಬ್ರಾಂಡುಗಳ ಒಡೆಯ ಕ್ರೈಸ್ಲರ್ ಒಂದೇ ಬಣ್ಣವನ್ನು ಎರಡು ಹೆಸರಿನಲ್ಲಿ ಮಾರಿತು. ಎಫ್‌ಸಿ7 ಡಾಡ್ಜ್‌ನಲ್ಲಿ ಪ್ಲಮ್ ಕ್ರೇಜಿ, ಪ್ಲಿಮತ್‌ನಲ್ಲಿ ಇನ್-ವಯಲೆಟ್. ಇವಿ2 ಅಲ್ಲಿ ಹೆಮಿ ಆರೆಂಜ್, ಇಲ್ಲಿ ಟಾರ್-ರೆಡ್. ಎಫ್‌ಜೆ5 ಸಬ್‌ಲೈಮ್ ಮತ್ತು ಲೈಮ್‌ಲೈಟ್, ಎಫ್‌ವೈ1 ಟಾಪ್ ಬನಾನಾ ಮತ್ತು ಲೆಮನ್ ಟ್ವಿಸ್ಟ್. ಇವುಗಳಲ್ಲೆಲ್ಲ ಹೆಚ್ಚು ಹುಡುಕಾಟ ಎಫ್‌ಎಂ3 ಗುಲಾಬಿಗೆ. ಡಾಡ್ಜ್ ಅದನ್ನು ಪ್ಯಾಂಥರ್ ಪಿಂಕ್ ಎಂದಿತು, ಪ್ಲಿಮತ್ ಮೂಲಾ ರೂಜ್ ಎಂದಿತು.

ಬಾನೆಟ್ ತೆರೆದು ಎಡ ಫೆಂಡರಿನ ಒಳಮಗ್ಗುಲು ನೋಡಿ. ಸ್ಕ್ರೂ ಹಾಕಿದ ಸಣ್ಣ ತಗಡಿನ ಪಟ್ಟಿ ಇರುತ್ತದೆ, ಅದೇ ಫೆಂಡರ್ ಟ್ಯಾಗ್. ಅದನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕು. ಮೇಲಿನಿಂದ ಓದುವವರು ಆಯ್ಕೆಗಳ ಸಂಕೇತದಲ್ಲೇ ಸಿಕ್ಕಿಕೊಳ್ಳುತ್ತಾರೆ. ಕೆಳಗಿನ ಸಾಲಿನಲ್ಲಿ ಎಂಜಿನ್, ಗೇರ್‌ಬಾಕ್ಸ್ ಮತ್ತು ಕಾರಿನ ಗುರುತಿನ ಸಂಖ್ಯೆ. ಅದರ ಮೇಲಿನ ಸಾಲು ಬಣ್ಣದ ಸಂಕೇತದಿಂದ ಶುರುವಾಗಿ, ಸೀಟಿನ ಬಟ್ಟೆ, ತಯಾರಿಗೆ ಗೊತ್ತುಮಾಡಿದ ದಿನ, ಆರ್ಡರ್ ಸಂಖ್ಯೆ ಎಂದು ಸಾಗುತ್ತದೆ. ಬಣ್ಣದ ಜಾಗದಲ್ಲಿ 999 ಇದ್ದರೆ ಅದು ಪಟ್ಟಿಯಲ್ಲಿಲ್ಲದ, ವಿಶೇಷವಾಗಿ ಕೇಳಿ ಹಾಕಿಸಿದ ಬಣ್ಣ. ಯಾವ ಬಣ್ಣ ಎಂಬುದನ್ನು ಆ ಅಂಕಿ ಹೇಳುವುದಿಲ್ಲ, ಮೈಯಲ್ಲೇ ಹುಡುಕಬೇಕು.

ದಿನಾಂಕವನ್ನು ಬಿಡದೆ ಓದಿ. ತಿಂಗಳಿಗೆ 1ರಿಂದ 9, ಆಮೇಲೆ ಅಕ್ಟೋಬರಿಗೆ ಎ, ನವೆಂಬರಿಗೆ ಬಿ, ಡಿಸೆಂಬರಿಗೆ ಸಿ. ಮಾಡೆಲ್ ವರ್ಷದ ಕಾರುಗಳ ತಯಾರಿ ಹಿಂದಿನ ವರ್ಷವೇ ಶುರುವಾಗುತ್ತಿದ್ದುದರಿಂದ 1970ರ ಮಾಡೆಲ್ ಕಾರಿನಲ್ಲಿ ಎ24 ಎಂದಿದ್ದರೆ 1969ರ ಅಕ್ಟೋಬರ್ 24. ಗುಲಾಬಿ ಬಣ್ಣ 1970ರ ವಸಂತದಲ್ಲಿ, ಮಾಡೆಲ್ ವರ್ಷದ ನಡುವೆ ಬಂದದ್ದು. ಎಫ್‌ಎಂ3 ಸಂಕೇತದ ಪಕ್ಕದಲ್ಲೇ ಅಕ್ಟೋಬರಿನ ದಿನಾಂಕ ಕಂಡರೆ ದುಡ್ಡು ಕೊಡುವ ಮಾತು ಅಲ್ಲಿಗೇ ನಿಲ್ಲಿಸಿ. ಟ್ಯಾಗ್ ನಿಂತಿರುವುದು ಸ್ಕ್ರೂ ಮೇಲೆ. ಬಿಚ್ಚಬಹುದು, ಹೊಸದಾಗಿ ಅಚ್ಚು ಹಾಕಿಸಲೂಬಹುದು. ಆದ್ದರಿಂದ ಗುರುತಿನ ಸಂಖ್ಯೆಯ ಕೊನೆಯ ಅಂಕಿಗಳನ್ನು ರೇಡಿಯೇಟರ್ ಮೇಲಿನ ಅಡ್ಡಪಟ್ಟಿಯಲ್ಲಿ ಒತ್ತಿದ ಅಂಕಿಗಳ ಜೊತೆ ಹೋಲಿಸಿ. ತಯಾರಿಯ ವೇಳೆ ಬಳಸಿದ ಬಿಲ್ಡ್ ಶೀಟ್ ಸೀಟಿನ ಸ್ಪ್ರಿಂಗುಗಳ ನಡುವೆಯೋ ಕಾರ್ಪೆಟ್ ಅಡಿಯೋ ಉಳಿದಿದ್ದರೆ ಅದು ಇನ್ನೂ ಗಟ್ಟಿ ಸಾಕ್ಷಿ. ಆ ಕಾಗದ ಮುಟ್ಟಿದರೆ ಪುಡಿಯಾಗುತ್ತದೆ, ಎಳೆಯುವ ಮೊದಲೇ ಫೋಟೊ ತೆಗೆಯಿರಿ.

ಇನ್ನು ಮೈ. ಈ ಕಾರುಗಳಲ್ಲಿ ಕ್ರೈಸ್ಲರ್ ಎಂಜಿನ್ ಗೂಡಿಗೂ ಮೈಬಣ್ಣವನ್ನೇ ಹೊಡೆಯುತ್ತಿತ್ತು. ಜನರಲ್ ಮೋಟರ್ಸ್, ಫೋರ್ಡ್ ಕಾರುಗಳಲ್ಲಿ ಅದು ಕಪ್ಪು. ಷೆವರ್ಲೆ ಡಿಕ್ಕಿಯೊಳಗೆ ಚುಕ್ಕೆ ಚುಕ್ಕೆಯ ಬೂದು ಬಣ್ಣ ಇರುವುದರಿಂದ ಅಲ್ಲಿಯೂ ಮೈಬಣ್ಣ ಹುಡುಕಿ ಫಲವಿಲ್ಲ. ಚಾಲೆಂಜರ್, ಪ್ಲಿಮತ್ ಬಾರಕೂಡಾಗಳಲ್ಲಿ ಬಾಗಿಲಿನ ಹೊಸ್ತಿಲ ಪಟ್ಟಿ ಬಿಚ್ಚಿ, ಹಿಂಬದಿ ಸೀಟಿನ ಪಕ್ಕದ ಪ್ಯಾನೆಲ್ ತೆಗೆದು, ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಾಕಿ ನೋಡಿ. ಮತ್ತೆ ಪೇಂಟ್ ಮಾಡುವವರು ಇಷ್ಟು ದೂರ ಬಿಚ್ಚುವುದು ಕಡಿಮೆ, ಹಳೆಯ ಬಣ್ಣ ಉಳಿಯುವುದು ಇಲ್ಲೇ.

ಅನುಮಾನ ಇದ್ದರೆ ಮರೆಯ ಜಾಗದಲ್ಲಿ ಕಾಸಿನಗಲ ಮಾತ್ರ 800ರ ವಾಟರ್ ಪೇಪರಿನಿಂದ ನೀರು ಹಾಕಿ ಮೆಲ್ಲಗೆ ಉಜ್ಜಿ. ತಗಡು ಕಾಣುವಷ್ಟಾದಾಗ ಪದರಗಳು ಮರದ ಸುತ್ತುಗಳಂತೆ ತೆರೆದುಕೊಳ್ಳುತ್ತವೆ. ತಗಡು, ಪ್ರೈಮರ್, ಬಣ್ಣ, ಇಷ್ಟೇ ಇದ್ದರೆ ಸರಿ. ನಡುವೆ ಬೇರೊಂದು ಬಣ್ಣ, ಅದರ ಮೇಲೆ ಮತ್ತೆ ಪ್ರೈಮರ್ ಇದ್ದರೆ ಕಾರಿನ ಬಣ್ಣ ಬದಲಾಗಿದೆ. ಬಿಳಿ ಬಟ್ಟೆಗೆ ಎನ್‌ಸಿ ಥಿನ್ನರ್ ಹಚ್ಚಿ ಒರೆಸಿದರೂ ಒಂದು ಸುಳಿವು ಸಿಗುತ್ತದೆ. ಜನರಲ್ ಮೋಟರ್ಸ್ ಬಳಸಿದ್ದು ಅಕ್ರಿಲಿಕ್ ಲ್ಯಾಕರ್, ಅದು ಕರಗಿ ಬಟ್ಟೆಗೆ ಬಣ್ಣ ಹತ್ತುತ್ತದೆ. ಕ್ರೈಸ್ಲರ್‌ನ ಬೇಯಿಸಿದ ಎನಾಮೆಲ್ ಅಷ್ಟು ಸುಲಭಕ್ಕೆ ಬಿಡದು. ಚಾಲೆಂಜರ್ ಮೈಯ ಬಣ್ಣ ಬಟ್ಟೆಗೆ ಧಾರಾಳವಾಗಿ ಬಂದರೆ ಅದು ಆಮೇಲೆ ಹಾಕಿದ ಲ್ಯಾಕರ್.

ಷೆವರ್ಲೆ ಕಮಾರೊ ಆದರೆ ಎಂಜಿನ್ ಗೂಡಿಗೂ ಕಾರಿನ ಒಳಗಿಗೂ ನಡುವಿನ ತಗಡಿನ ಗೋಡೆ, ಅಂದರೆ ಫೈರ್‌ವಾಲ್ ಮೇಲಿನ ಕೌಲ್ ಟ್ಯಾಗ್ ಎಂಬ ಪಟ್ಟಿ ಓದಿ. 1969ರಲ್ಲಿ 72 ಎಂದರೆ ಹಗ್ಗರ್ ಆರೆಂಜ್, ಅದೇ ಬಣ್ಣ ಜನರಲ್ ಮೋಟರ್ಸ್‌ನದ್ದೇ ಆದ ಪಾಂಟಿಯಾಕ್‌ನಲ್ಲಿ ಕ್ಯಾರೊಸೆಲ್ ರೆಡ್. ಅಂಕಿಯ ಬದಲು ಎರಡು ಅಡ್ಡಗೆರೆ ಇದ್ದರೆ ವಿಶೇಷ ಬಣ್ಣ. ಫೋರ್ಡ್ ಮಸ್ಟಾಂಗಿನಲ್ಲಿ ಚಾಲಕನ ಬಾಗಿಲ ಅಂಚಿನ ಪಟ್ಟಿಯೇ ಆಧಾರ: 1970ರಲ್ಲಿ ಜೆ ಗ್ರ್ಯಾಬರ್ ಬ್ಲೂ, ಯು ಗ್ರ್ಯಾಬರ್ ಆರೆಂಜ್, ಝಡ್ ಗ್ರ್ಯಾಬರ್ ಗ್ರೀನ್. ಬಣ್ಣದ ಜಾಗ ಖಾಲಿ ಇದ್ದರೆ ವಿಶೇಷ ಆರ್ಡರ್ ಇರಬಹುದು. 1967ರಿಂದ ಈಚಿನ ಫೋರ್ಡ್‌ಗೆ ಮಾರ್ಟಿ ರಿಪೋರ್ಟ್ ತರಿಸಿದರೆ ಕಾರ್ಖಾನೆಯ ದಾಖಲೆಯೇ ಕೈಗೆ ಬರುತ್ತದೆ.

ಬಣ್ಣ ಖಚಿತವಾದ ಮೇಲೆ ಮತ್ತೆ ಬಳಿಯುವ ಕೆಲಸ. ಪ್ರೈಮರಿಗೆ ಮೊದಲೇ ಮರೆಯ ಜಾಗದ ಒಂದು ಅಂಗೈಯಗಲ ಹಳೆಯ ಬಣ್ಣವನ್ನು ಟೇಪ್ ಹಾಕಿ ಮುಚ್ಚಿ, ಕೊನೆಯವರೆಗೂ ಹಾಗೇ ಬಿಡಿ. ಅದನ್ನು ಅಳಿಸಿದರೆ ಮುಂದಿನವರಿಗೆ ತೋರಿಸಲು ಏನೂ ಉಳಿಯದು. ಬಣ್ಣ ಹೊಂದಿಸಲು ಯಂತ್ರದಿಂದ ಅಳೆಯಿಸುವುದಾದರೂ ಇದೇ ಜಾಗದಿಂದ, ಅದೂ ಪಾಲಿಶ್ ಮಾಡಿ ಮೇಲಿನ ಮಂಕು ತೆಗೆದ ನಂತರ. ಬಿಸಿಲಿಗೆ ಬೆಳ್ಳಗಾದ ಬಾನೆಟ್ ಅಳೆದರೆ ಯಂತ್ರ ಆ ಮಂಕನ್ನೇ ನಕಲು ಮಾಡುತ್ತದೆ.

ಆಗಿನ ಕಿತ್ತಳೆ, ಹಳದಿ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಇರುತ್ತಿತ್ತು. ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ, ನೀರು ಹಾಕಿಯೇ ಉಜ್ಜಿ, ಸರಿಯಾದ ಮಾಸ್ಕ್ ಧರಿಸಿ, ಉಜ್ಜಿದ ಕೆಸರನ್ನು ಚರಂಡಿಗೆ ಬಿಡಬೇಡಿ. ಸೀಸವಿಲ್ಲದ ಇಂದಿನ ಹಳದಿ ಕಿತ್ತಳೆಗಳು ಅಡಿಯನ್ನು ಅಷ್ಟಾಗಿ ಮುಚ್ಚುವುದಿಲ್ಲ. ಎಫ್‌ವೈ1ಗೆ ಬೂದು ಪ್ರೈಮರ್ ಹಾಕಿದರೆ ಐದಾರು ಕೋಟ್ ಕೊಟ್ಟರೂ ಅಂಚುಗಳಲ್ಲಿ ಹಸಿರು ಛಾಯೆ ಇಣುಕುತ್ತದೆ. ಇಡೀ ಮೈಗೆ ಒಂದೇ ಸಮ ಬಿಳಿ ಪ್ರೈಮರ್ ಹಾಕಿ.

ಹೊರಮೈಗೆ ಥಿನ್ನರ್ ಸೇರಿಸದ ಬಣ್ಣ ಸುಮಾರು 4 ಲೀಟರ್, ಬಾಗಿಲ ಸಂದು, ಎಂಜಿನ್ ಗೂಡು, ಡಿಕ್ಕಿಗೆ ಇನ್ನೊಂದೂವರೆ ಲೀಟರ್ ಹಿಡಿಯಬಹುದು. ಎಲ್ಲ ಡಬ್ಬಗಳನ್ನೂ ಮೊದಲೇ ದೊಡ್ಡ ಪಾತ್ರೆಗೆ ಸುರಿದು ಕಲಸಿಕೊಳ್ಳಿ. ಡಬ್ಬದಿಂದ ಡಬ್ಬಕ್ಕೆ ಛಾಯೆ ಬದಲಾದರೆ ಬಾಗಿಲೊಂದು ಬಣ್ಣ, ಫೆಂಡರೊಂದು ಬಣ್ಣ ಆಗುತ್ತದೆ. ಗಟ್ಟಿಕಾರಕ ಸೇರಿಸುವ ಯುರೆಥೇನ್ ಬಣ್ಣಗಳ ಐಸೊಸಯನೇಟ್ ಎಂಬ ವಿಷಕಾರಿ ರಾಸಾಯನಿಕಕ್ಕೆ ಬಟ್ಟೆಯ ಮಾಸ್ಕ್ ಯಾವ ತಡೆಯೂ ಅಲ್ಲ, ಹೊರಗಿನ ಗಾಳಿ ಒದಗಿಸುವ ಮುಖಕವಚವೇ ಬೇಕು.

ಇವಿ2, ಎಫ್‌ವೈ1ನಂಥ ಸಾದಾ ಬಣ್ಣಕ್ಕೆ ಕ್ಲಿಯರ್ (ಮೇಲೆ ಹಾಕುವ ಪಾರದರ್ಶಕ ಪದರ) ಬೇಡದ ಸಿಂಗಲ್ ಸ್ಟೇಜ್ ಬಣ್ಣ ಹಾಕಿದರೆ ಅಂದಿನ ನೋಟ ಬರುತ್ತದೆ, ಕಾರ್ಖಾನೆಯಲ್ಲೂ ಕ್ಲಿಯರ್ ಇರಲಿಲ್ಲ. ಎಫ್‌ಸಿ7 ಹಾಗಲ್ಲ, ಅದರಲ್ಲಿ ಮಿಂಚುಕಣಗಳಿವೆ. ಕ್ಲಿಯರ್ ಇಲ್ಲದೆ ಹೊಡೆದು ಆಮೇಲೆ ಉಜ್ಜಿ ಪಾಲಿಶ್ ಮಾಡಿದರೆ ಕಣಗಳ ತಲೆ ಸವೆದು ಮಚ್ಚೆ ಮಚ್ಚೆ ಕಾಣುತ್ತದೆ, ಅದಕ್ಕೆ ಮತ್ತೆ ಹೊಡೆಯುವುದೊಂದೇ ದಾರಿ. ಎಫ್‌ಸಿ7ಗೆ ಬೇಸ್ (ಅಡಿಯ ಬಣ್ಣದ ಪದರ) ಮೇಲೆ ಕ್ಲಿಯರ್ ಹಾಕಿ, ಆದರೆ ಎರಡೇ ಕೋಟ್. ನಾಲ್ಕು ಕೋಟ್ ಕ್ಲಿಯರ್ ಹಾಕಿದ ಚಾಲೆಂಜರ್ ಗಾಜಿನ ಗೊಂಬೆಯಂತೆ ಕಾಣುತ್ತದೆ, 1970ರ ಕಾರಿನಂತಲ್ಲ. ಬೇಸಿನ ಕೊನೆಯ ಕೋಟನ್ನು ಗನ್ ಸ್ವಲ್ಪ ದೂರ ಹಿಡಿದು ತೆಳುವಾಗಿ ಬೀಳಿಸಿ, ಆಗ ಕಣಗಳು ಒಂದೇ ಸಮ ಕೂರುತ್ತವೆ. ಬಾಗಿಲು, ಫೆಂಡರ್‌ಗಳನ್ನು ಕಾರಿಗೆ ಜೋಡಿಸಿಯೇ ಈ ಕೋಟ್ ಹೊಡೆಯಿರಿ. ಬಿಚ್ಚಿ ಮಲಗಿಸಿ ಹೊಡೆದ ಬಾಗಿಲಿನಲ್ಲಿ ಕಣಗಳು ಬೇರೆ ದಿಕ್ಕಿಗೆ ಮಲಗುತ್ತವೆ, ನೇರಳೆ ಒಂದು ಪಟ್ಟು ಕಪ್ಪಾಗಿಯೋ ಬಿಳುಪಾಗಿಯೋ ತೋರುತ್ತದೆ.