ಅಟ್ಟದಲ್ಲಿದ್ದ ನೆಗೆಟಿವ್‌ಗಳನ್ನು ಮನೆಯಲ್ಲೇ ಸ್ಕ್ಯಾನ್ ಮಾಡಿದ ಬಗೆ

ಹಳೇ ನೆಗೆಟಿವ್ ಸ್ಕ್ಯಾನ್ ಮಾಡಬೇಕು ಅನ್ನುವ ಮಲೆನಾಡಿನವರಿಗೆ ನಾನು ಮೊದಲು ಹೇಳುವ ಮಾತು: ಮಳೆಗಾಲ ಮುಗಿಯಲಿ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಜೂನ್ ಬಂತೆಂದರೆ ಬಟ್ಟೆ, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು. ಫಿಲ್ಮಿನ ಮೇಲೆ ಚಿತ್ರವನ್ನು ಹಿಡಿದಿಟ್ಟಿರುವುದು ಜೆಲಟಿನ್ ಪದರ. ಬೂಷ್ಟಿಗೆ ಅದೇ ಊಟ. ಗಾಳಿಯ ತೇವ ಶೇ 60 ದಾಟಿ ಹಾಗೇ ನಿಂತರೆ ಬೆಳೆಯಲು ಶುರು. ಅದಕ್ಕೇ ನಾನು ಅಟ್ಟದಿಂದ ಡಬ್ಬ ಇಳಿಸಿದ್ದು ಅಡಿಕೆ ಕೊಯ್ಲು ಮುಗಿದ ಮೇಲೆ, ಬಿಸಿಲು ಗಟ್ಟಿಯಾದಾಗ.

ಸ್ಕ್ಯಾನರ್ ಸೆಕೆಂಡ್ ಹ್ಯಾಂಡ್ ಎಪ್ಸನ್ ವಿ600. ಇಂಥದ್ದಕ್ಕೆ ಮುಚ್ಚಳದಲ್ಲೂ ಲೈಟ್ ಇರುತ್ತದೆ. ನೆಗೆಟಿವ್ ಮೂಲಕ ಬೆಳಕು ಹಾಯಬೇಕಲ್ವಾ, ಹಾಗಾಗಿ ಕಾಗದ ಸ್ಕ್ಯಾನ್ ಮಾಡುವ ಮಾಮೂಲಿ ಯಂತ್ರದಲ್ಲಿ ಈ ಕೆಲಸ ಆಗುವುದಿಲ್ಲ. ಫಿಲ್ಮಿನ ಹೊಳೆಯುವ ಮೈ ಕೆಳಗೆ ಬರುವಂತೆ ಹೋಲ್ಡರಿಗೆ ಹಾಕಬೇಕು. ಮೇಲಿನಿಂದ ನೋಡಿದಾಗ ಅಂಚಿನ ಅಕ್ಷರಗಳು ತಿರುಗುಮುರುಗಾಗಿ ಕಂಡರೆ ಸರಿಯಾಗಿ ಕೂತಿದೆ ಎಂದರ್ಥ.

ಧೂಳಿಗೆ ರಬ್ಬರ್ ಬ್ಲೋವರ್ ಸಾಕು. ಬಾಯಿಂದ ಊದಬೇಡಿ, ಉಸಿರಿನಲ್ಲೂ ತೇವ ಇದೆ. ಬೂಷ್ಟು ಹಿಡಿದ ಫಿಲ್ಮಿಗೆ ನೀರು ತಾಗಿಸಲೇಬೇಡಿ. ಬೂಷ್ಟು ತಿಂದ ಜೆಲಟಿನ್ ನೀರಿಗೆ ಕರಗಿ ಹೋಗುತ್ತದೆ. ನಾನು 99% ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಹಗುರವಾಗಿ ಒರೆಸಿದೆ, ಮೊದಲು ಬೇಡದ ಫ್ರೇಮೊಂದರ ಮೇಲೆ ನೋಡಿಕೊಂಡು. ಉಳಿದ ಗೀರು, ಚುಕ್ಕೆಗಳಿಗೆ ಸ್ಕ್ಯಾನರಿನಲ್ಲೇ ಡಿಜಿಟಲ್ ಐಸ್ ಎಂಬ ಕಲೆ ತೆಗೆಯುವ ವ್ಯವಸ್ಥೆ ಇದೆ. ಇನ್‌ಫ್ರಾರೆಡ್ ಬೆಳಕು ಬಣ್ಣದ ಪದರಗಳನ್ನು ದಾಟಿ ಹೋಗುತ್ತದೆ, ಧೂಳು ಅಡ್ಡ ಬಂದಲ್ಲಿ ತಡೆಯುತ್ತದೆ. ಅದನ್ನು ನೋಡಿ ಕಲೆ ಎಲ್ಲಿದೆ ಎಂದು ಯಂತ್ರ ಗುರುತಿಸುತ್ತದೆ. ಮಾಮೂಲಿ ಕಪ್ಪು-ಬಿಳುಪು ಫಿಲ್ಮಿಗೆ ಇದನ್ನು ಹಾಕಬಾರದು. ಅದರಲ್ಲಿರುವ ಬೆಳ್ಳಿಯೇ ಇನ್‌ಫ್ರಾರೆಡನ್ನು ತಡೆಯುತ್ತದೆ.

ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ, ಜಾಸ್ತಿ ಇಟ್ಟಷ್ಟೂ ಚಿತ್ರ ಚೆನ್ನಾಗಿ ಬರುತ್ತದೆ ಅಂತ ನಂಬಬೇಡಿ. ಮನೆಯಲ್ಲಿ ಬಳಸುವ ಇಂಥ ಚಪ್ಪಟೆ ಗಾಜಿನ (ಫ್ಲಾಟ್‌ಬೆಡ್) ಸ್ಕ್ಯಾನರಿಗೆ 2400 ಸಾಕು. 35 ಎಂಎಂ ಫ್ರೇಮಿಗೆ ಹೆಚ್ಚುಕಡಿಮೆ 77 ಲಕ್ಷ ಪಿಕ್ಸೆಲ್ ಸಿಗುತ್ತದೆ. ಅದರಾಚೆಗೆ ಫೈಲು ಉಬ್ಬುತ್ತದೆ ಅಷ್ಟೆ.

ನಿಜವಾದ ಕೆಲಸ ಇರುವುದು ಬಣ್ಣದಲ್ಲಿ. ಕಲರ್ ನೆಗೆಟಿವ್ ಪೂರ್ತಿ ಕಿತ್ತಳೆ ಛಾಯೆಯಲ್ಲಿರುತ್ತದೆ. ಬಣ್ಣಗಳನ್ನು ಸುಮ್ನೆ ಉಲ್ಟಾ ಮಾಡಿದರೆ ಚಿತ್ರವೆಲ್ಲ ನೀಲಿ. ಆಟೋ ಬಟನ್ ಒತ್ತಿದರೆ ನೀಲಿ ಹೋಗುತ್ತದೆ ನಿಜ, ಆದರೆ ನಮ್ಮ ಕಡೆಯ ಫೋಟೋಗಳಲ್ಲಿ ಹಸಿರು ತುಂಬಿರುತ್ತದಲ್ಲ, ಅದನ್ನು ದೋಷ ಅಂದುಕೊಂಡು ಕೆಂಪು ಸುರಿಯುತ್ತದೆ. ಹಾಗಾಗಿ ನಾನು ಆಟೋ ಎಲ್ಲ ತೆಗೆದು, 48 ಬಿಟ್ ಟಿಫ್ (ಬಣ್ಣದ ವಿವರ ಹೆಚ್ಚು ಉಳಿಯುವ ದೊಡ್ಡ ಫೈಲು) ಆಗಿ ಉಳಿಸಿ, ಬಣ್ಣ ಆಮೇಲೆ ಕೂರಿಸುತ್ತೇನೆ.

ಚಿಕ್ಕಮ್ಮನ ಮದುವೆಯ ರೀಲು 1988ರದ್ದು. ಶಿವಮೊಗ್ಗದಲ್ಲಿ ತೊಳೆಸಿದ ಪ್ರಿಂಟುಗಳು ಈಗ ಕೆಂಪಗಾಗಿವೆ. ನೆಗೆಟಿವ್‌ನಲ್ಲಿ ಬಣ್ಣ ಇನ್ನೂ ಇತ್ತು. ಬಣ್ಣ ಕೂರಿಸುವ ತಂತ್ರಾಂಶಕ್ಕೆ ಬಿಳಿ ಯಾವುದು ಎಂದು ತೋರಿಸಲು ಮದುಮಗನ ಪಂಚೆ ಹಿಡಿದರೆ ಸರಿ ಬರಲಿಲ್ಲ. ಅಡಿಕೆ ಸೋಗೆಯ ಚಪ್ಪರದಡಿ ನಿಂತವರ ಪಂಚೆ ಬಿಳಿ ಇರುವುದಿಲ್ಲ, ಸೋಗೆಯ ಹಸಿರು ಅದರ ಮೇಲೆ ಬಿದ್ದಿರುತ್ತದೆ. ಚಪ್ಪರದಾಚೆ ಬಿಸಿಲಲ್ಲಿ ನಿಂತ ನೆಂಟರೊಬ್ಬರ ಅಂಗಿಯನ್ನು ಹಿಡಿದೆ. ಒಮ್ಮೆಗೇ ಅರಿಶಿನ ಅರಿಶಿನವಾಯಿತು, ಧಾರೆ ಸೀರೆಯ ಅಂಚು ಎದ್ದು ಬಂತು. ಅದೇ ಸೆಟ್ಟಿಂಗನ್ನು ಆ ರೀಲಿನ ಉಳಿದ ಹೊರಾಂಗಣದ ಫ್ರೇಮ್‌ಗಳಿಗೂ ಹಾಕಿದೆ. ಒಳಗೆ ಫ್ಲ್ಯಾಶ್ ಹಾಕಿ ತೆಗೆದವಕ್ಕೆ ಬೇರೆಯದೇ ಬೇಕು. ಪ್ರಿಂಟಿನಲ್ಲಿ ಅಂಚು ಕತ್ತರಿಸಿ ಹೋಗಿದ್ದ ಅಜ್ಜಿ ಸ್ಕ್ಯಾನಿನಲ್ಲಿ ಪೂರ್ತಿ ಸಿಕ್ಕರು, ಕಂಬಕ್ಕೆ ಒರಗಿ ನಿಂತಿದ್ದಾರೆ.

ಫಿಲ್ಮಿನ ಅಂಚಲ್ಲಿರುವ 12, 12ಎ ಎಂಬ ನಂಬರುಗಳನ್ನೇ ಫೈಲಿನ ಹೆಸರಿಗೆ ಸೇರಿಸಿ. ಧಾರೆ ಮೊದಲೋ ಊಟ ಮೊದಲೋ ಎಂಬ ಅನುಕ್ರಮ ತಪ್ಪುವುದಿಲ್ಲ, ಹಿರಿಯರ ಜೊತೆ ಕೂತು ಯಾರ್ಯಾರೆಂದು ಬರೆದುಕೊಳ್ಳಲೂ ಸುಲಭ. ಸ್ಕ್ಯಾನ್ ಆಯಿತೆಂದು ನೆಗೆಟಿವ್ ಎಸೆಯಬೇಡಿ. ನಮ್ಮವು ಈಗ ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇವೆ, ಅಟ್ಟದ ಬದಲು ನಡುಮನೆಯ ಕಪಾಟಿನಲ್ಲಿ. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡುತ್ತೇನೆ.